ಯೂನಿಫಾರ್ಮ್ ಹಾಕಿಕೊಂಡ ಹುಡುಗ ಬೆಳಿಗ್ಗೆ 11ಕ್ಕೆ ಅಂಗಡಿ ಮುಂದೆ: ಯಾರಿಗೆ ಹೇಳಬೇಕು, ಯಾವ ಬಾಗಿಲು ತಟ್ಟಬೇಕು?

ಚಿತ್ರದುರ್ಗ: ಮಕ್ಕಳು ಸ್ಕೂಲ್ ಬಿಡೋದು ಒಂದೇ ದಿನಕ್ಕಲ್ಲ. ಮೊದಲು ಸಂತೆ ದಿನ ಗೈರು. ಆಮೇಲೆ ಅಡಿಕೆ ಸುಲಿಯೋ ಸೀಜನ್‌ನಲ್ಲಿ ಒಂದು ವಾರ ಗೈರು. ಕಿರುಪರೀಕ್ಷೆ ಬಂದಾಗ ಹೊಟ್ಟೆನೋವು. ಕೊನೆಗೊಂದು ದಿನ ಗೂಟಕ್ಕೆ ನೇತುಹಾಕಿದ ಬ್ಯಾಗು ಅಲ್ಲೇ ಉಳಿಯುತ್ತದೆ. ಇದನ್ನು ಮೊದಲು ಗಮನಿಸುವವರು ಬಿಇಒ ಕಚೇರಿಯವರಲ್ಲ. ಹಿರಿಯೂರಿನ ಬಸ್ ನಿಲ್ದಾಣದ ಹತ್ತಿರ ಟೀ ಮಾರುವವರು, ಹೊಳಲ್ಕೆರೆಯಲ್ಲಿ ಪಂಕ್ಚರ್ ಹಾಕುವವರು, ಹೊಸದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು. ಯೂನಿಫಾರ್ಮ್ ಹಾಕಿದ ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿ ಮುಂದೆ ನಿಂತಿದ್ದಾನೆ ಅಂದರೆ ಎಲ್ಲೋ ಏನೋ ಸರಿಯಿಲ್ಲ ಅಂತ ಅವರಿಗೆ ಗೊತ್ತಾಗುತ್ತೆ. ಗೊತ್ತಾದ ಮೇಲೆ ಏನು ಮಾಡಬೇಕು ಅನ್ನೋದು ಮಾತ್ರ ಗೊತ್ತಿರಲ್ಲ.

ಸರ್ಕಾರದ ಸೌಲಭ್ಯವೇ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಆದರೆ ಊಟ ಶಿಕ್ಷಣ ಇಲಾಖೆಯದು, ಮಾತ್ರೆ ಮತ್ತು ಮನೋವೈದ್ಯರು ಆರೋಗ್ಯ ಇಲಾಖೆಯದು, ಸಹಾಯವಾಣಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಗ್ರಂಥಾಲಯ ಪಂಚಾಯಿತಿಯದು, ಆಟೋಟ ಯುವಜನ ಇಲಾಖೆಯದು. ಮಗು ಒಂದೇ, ಕಚೇರಿ ಐದು. ಐದನ್ನೂ ಒಟ್ಟಿಗೆ ತೋರಿಸುವ ಬೋರ್ಡ್ ತಾಲ್ಲೂಕು ಕಚೇರಿಯ ಗೋಡೆ ಮೇಲೆ ಸಿಗುವುದು ಕಷ್ಟ. ದೊಡ್ಡವರೊಬ್ಬರು ದಾರಿ ತೋರಿಸದಿದ್ದರೆ ಆ ಬಾಗಿಲುಗಳು ಮಗುವಿನ ಪಾಲಿಗೆ ಇದ್ದೂ ಇಲ್ಲದ ಹಾಗೆ.

ನಂಬರ್ ಒನ್ ಆದ ಜಿಲ್ಲೆ

2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲು ಬಂತು. ಶೇ 96.80. ಮಂಡ್ಯ, ಹಾಸನ ಹಿಂದೆ ಬಿದ್ದವು. ಸಿಹಿ ಹಂಚಿದ್ದೂ ಆಯ್ತು, ಫ್ಲೆಕ್ಸ್ ಕಟ್ಟಿದ್ದೂ ಆಯ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು. 2024ರ ಪಟ್ಟಿಯ ಮೊದಲ ಹತ್ತರಲ್ಲಿ ಚಿತ್ರದುರ್ಗದ ಹೆಸರೇ ಇರಲಿಲ್ಲ. ಇಡೀ ರಾಜ್ಯದ ಫಲಿತಾಂಶವೇ ಆ ವರ್ಷ ಕುಸಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ.

ಆಮೇಲೆ ವಿಶೇಷ ತರಗತಿ, ಬೆಳಗಿನ ತರಗತಿ, ಸಂಜೆ ತರಗತಿ, ಪಾಸಿಂಗ್ ಪ್ಯಾಕೇಜ್. ಅದು ತಪ್ಪಲ್ಲ, ಅಂಕ ಬೇಕು. ಆದರೆ ಫಲಿತಾಂಶ ಬಿದ್ದಾಗ ಕೇಳುವ ಪ್ರಶ್ನೆ 'ಎಷ್ಟು ಪರ್ಸೆಂಟ್' ಅನ್ನೋದು ಮಾತ್ರ. ಫೇಲಾದ ಮಗು ಆ ರಾತ್ರಿ ಮನೆಯಲ್ಲಿ ಹೇಗಿತ್ತು ಅಂತ ಕೇಳುವ ಕಾಲಂ ಯಾವ ಫಾರ್ಮಿನಲ್ಲೂ ಇಲ್ಲ.

ಇಲ್ಲಿ ಒಂದು ವಿಷಯ ಪೋಷಕರು ಸ್ಪಷ್ಟವಾಗಿ ತಿಳಿದಿರಬೇಕು. 'ಫೇಲಾದರೆ ಒಂದು ವರ್ಷ ಹಾಳು' ಅನ್ನೋ ಕಾಲ ಮುಗಿದಿದೆ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನ ಮನೆಯಲ್ಲಿ ಬೈಗುಳಕ್ಕಿಂತ ಮೊದಲು ಈ ಮಾತು ಬರಬೇಕು.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಅದೇ ವರ್ಷ ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣ ಅಂತ ದಾಖಲಾದ ಸಾವುಗಳು 2,248. ಇವು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಹುಪಾಲು ಸಂಕಟ ಅಂಕಪಟ್ಟಿಯಲ್ಲಿ ಕಾಣುವಂಥದ್ದಲ್ಲ ಅನ್ನೋದು ಗೊತ್ತಾಗುತ್ತೆ.

ಸುಪ್ರೀಂ ಕೋರ್ಟ್ ಹೇಳಿದ್ದೇನು?

ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ಕೊಟ್ಟಿತು. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಇಡೀ ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿ ಹಾಕಿತು. ಕಾನೂನು ಬರುವ ತನಕ ಇವೇ ಕಡ್ಡಾಯ. ನಮ್ಮ ತಾಲ್ಲೂಕುಗಳಿಗೆ ನೇರವಾಗಿ ತಾಗುವುದು ಮೂರು ನಾಲ್ಕು.

100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜತೆ ಸಂಪರ್ಕ ಇಟ್ಟುಕೊಂಡಿರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಿ ಕೂರಿಸುವುದನ್ನು ಆದಷ್ಟು ಮಟ್ಟಿಗೆ ಬಿಡಬೇಕು. ಶಿಕ್ಷಕರಿಗೂ ಉಳಿದ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಕೊಡಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿ ನಂಬರ್‌ಗಳನ್ನು ತರಗತಿ, ಹಾಸ್ಟೆಲ್, ಎಲ್ಲರೂ ಓಡಾಡುವ ಜಾಗಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು.

ಮೊದಲನೆಯದನ್ನು ಓದಿ ಹಳ್ಳಿ ಕಡೆಯ ಹೆಡ್‌ಮಾಸ್ಟರುಗಳು ನಕ್ಕರೆ ಆಶ್ಚರ್ಯವಿಲ್ಲ. ಗಣಿತಕ್ಕೇ ಅತಿಥಿ ಶಿಕ್ಷಕರನ್ನು ನೆಚ್ಚಿಕೊಂಡ ಶಾಲೆಗೆ ಆಪ್ತಸಮಾಲೋಚಕರು ಎಲ್ಲಿಂದ ಬರಬೇಕು? ಕೋಚಿಂಗ್ ಸೆಂಟರ್, ಖಾಸಗಿ ಪಿಯು ಕಾಲೇಜುಗಳು ಫೀಸು ತೆಗೆದುಕೊಳ್ಳುತ್ತವೆ, ಅವುಗಳಿಗೆ ಈ ನೆಪ ಇಲ್ಲ. ಇನ್ನು ಕೊನೆಯದು, ಅಂದರೆ ನಂಬರ್ ಬರೆಸುವುದು. ಅದಕ್ಕೆ ಬೇಕಾಗುವುದು ಒಂದು ಡಬ್ಬಿ ಪೇಂಟು ಮತ್ತು ಒಂದು ಬ್ರಷ್. ಅನುದಾನ ಬಂದಿಲ್ಲ ಅನ್ನುವ ಹಾಗಿಲ್ಲ.

ಸದ್ಯಕ್ಕೆ ಸರ್ಕಾರಿ ಶಾಲೆಯಲ್ಲಿ ಆ ಜಾಗ ತುಂಬುತ್ತಿರುವವರು ಶಿಕ್ಷಕರೇ. ಆಯುಷ್ಮಾನ್ ಭಾರತ್‌ನ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಬಂತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು, ಆದಷ್ಟು ಮಟ್ಟಿಗೆ ಒಬ್ಬರು ಮೇಷ್ಟ್ರು ಒಬ್ಬರು ಮೇಡಂ, ಆರೋಗ್ಯ ರಾಯಭಾರಿಗಳಾಗಿ ತರಬೇತಿಗೊಳಿಸುವುದು ಅದರ ಲೆಕ್ಕ. ಭಾವನೆಗಳನ್ನು ನಿಭಾಯಿಸುವುದು, ಮಾದಕ ವಸ್ತುವಿನಿಂದ ದೂರ ಇರುವುದು, ಇಂಟರ್ನೆಟ್ ಬಳಕೆ ಇತ್ಯಾದಿ 11 ವಿಷಯಗಳ ಮೇಲೆ ವಾರಕ್ಕೊಂದು ತಾಸು ಪಾಠ ಆಗಬೇಕು. ನಿಮ್ಮ ಮಗುವಿನ ಶಾಲೆಯಲ್ಲಿ ಆ ಇಬ್ಬರು ಯಾರು ಅಂತ ಒಮ್ಮೆ ಕೇಳಿ ನೋಡಿ.

14416: ಮನೆಯಿಂದಲೇ ಸಿಗುವ ಸಹಾಯ

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕಟ್ ಆಗಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಭಾಷೆ ಆರಿಸಿಕೊಳ್ಳಲು ಹೇಳುತ್ತೆ, ಆಮೇಲೆ ತರಬೇತಿ ಪಡೆದ ಸಮಾಲೋಚಕರು ಸಿಗುತ್ತಾರೆ. ಮಾತಲ್ಲಿ ಬಗೆಹರಿಯದಿದ್ದರೆ ಮನೋವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ. ಮಗುವೇ ಮಾಡಬೇಕೆಂದಿಲ್ಲ. 'ಮಗಳು ಹದಿನೈದು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ಮಾತಾಡ್ತಿಲ್ಲ, ಏನು ಮಾಡಲಿ' ಅಂತ ತಾಯಿಯೂ ಕೇಳಬಹುದು, ಮೇಷ್ಟ್ರೂ ಕೇಳಬಹುದು. ವಿದ್ಯಾರ್ಥಿಗಳಿಗೆಂದೇ ಕೇಂದ್ರ ಶಿಕ್ಷಣ ಸಚಿವಾಲಯದ ಮನೋದರ್ಪಣ ಸಹಾಯವಾಣಿಯೂ ಇದೆ. ಅದರ ನಂಬರ್ 8448440632.

ಡಾಕ್ಟರನ್ನೇ ಕಾಣಬೇಕು ಅಂದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ. ಹೊಸದುರ್ಗದಿಂದ ಅರವತ್ತು ಕಿಲೋಮೀಟರ್ ಹತ್ತಿರ ಆಗುತ್ತೆ, ಒಂದು ದಿನದ ಕೂಲಿ ಹೋಯ್ತು. ಈ ತೊಂದರೆ ತಪ್ಪಿಸಲಿಕ್ಕೇ ರಾಜ್ಯ ಸರ್ಕಾರ 'ಮನೋಚೈತನ್ಯ' ಕಾರ್ಯಕ್ರಮ ತಂದಿದ್ದು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರಬೇಕು ಅನ್ನೋದು ಅದರ ಉದ್ದೇಶ. ಯಾವ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನೋದನ್ನು ಆಸ್ಪತ್ರೆಯ ಕೌಂಟರ್‌ನಲ್ಲಿ ಕೇಳಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಶಾಗೆ ಗೊತ್ತಿರದ ಆಸ್ಪತ್ರೆ ಸುದ್ದಿ ಕಡಿಮೆ.

ತಲೆ ಕೆಟ್ಟವರು ಹೋಗೋ ಜಾಗ ಅದು ಅಂತ ಹಿಂಜರಿಯುವವರಿಗೆ ಒಂದು ಮಾತು. ಸಾಮಾನ್ಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಔಷಧಿ ಕೊಡಬಹುದು ಅನ್ನೋದನ್ನು ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಪಕ್ಕದ ಜಿಲ್ಲೆ. 1985ರಿಂದ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಪ್ರಯೋಗ ಮಾಡಿದರು. ಅದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ.

ಇದಲ್ಲದೆ 10ರಿಂದ 19 ವರ್ಷದವರಿಗಾಗಿ 'ಸ್ನೇಹ ಕ್ಲಿನಿಕ್'ಗಳಿವೆ. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಇವು. ಮೊಡವೆಯಿಂದ ಹಿಡಿದು ಮುಟ್ಟಿನ ತೊಂದರೆ, ಗುಟ್ಕಾ ಚಟದವರೆಗೆ ಅಪ್ಪ ಅಮ್ಮನ ಹತ್ತಿರ ಹೇಳಿಕೊಳ್ಳಲಾಗದ್ದನ್ನು ಇಲ್ಲಿ ಗುಟ್ಟಾಗಿ ಕೇಳಬಹುದು.

ಅಪ್ಪ ಇಲ್ಲದ ಮನೆ

ಈ ಭಾಗದಲ್ಲಿ ಹುಡುಗರು ಶಾಲೆ ಬಿಡುವ ಕಥೆ ಬಹಳ ಸಲ ಹೀಗಿರುತ್ತೆ. ಅಪ್ಪ ತೀರಿಕೊಂಡ, ಅಥವಾ ಹಾಸಿಗೆ ಹಿಡಿದ, ಅಥವಾ ಮನೆ ಬಿಟ್ಟು ಹೋದ. ಅಮ್ಮ ಕೂಲಿಗೆ ಹೋಗ್ತಾಳೆ. ಹಿರಿಮಗ ಎಂಟನೇ ಕ್ಲಾಸು. 'ಓದು ತಲೆಗೆ ಹತ್ತಲ್ಲ ಕಣಣ್ಣ, ನಿನ್ನ ಹತ್ರನೇ ಇಟ್ಕೋ, ಕೆಲ್ಸನಾದ್ರೂ ಕಲೀಲಿ' ಅಂತ ಮಾವನೋ ಚಿಕ್ಕಪ್ಪನೋ ಗ್ಯಾರೇಜಿಗೆ ತಂದು ಬಿಡ್ತಾನೆ. ಗ್ಯಾರೇಜಿನವರೂ ಪಾಪ ಅಂತಲೇ ಇಟ್ಕೊಳ್ತಾರೆ.

ಇಂಥ ಮನೆಗೆ ತಿಂಗಳಿಗೆ 4,000 ರೂಪಾಯಿ ಬರುವ ದಾರಿಯೊಂದಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ 'ಪ್ರಾಯೋಜಕತ್ವ' ಅಂತ ಕರೆಯುತ್ತಾರೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟವರಾಗಿದ್ದರೆ, ತಂದೆ ತಾಯಿ ಇಬ್ಬರೂ ಇಲ್ಲದೆ ಮಗು ಅಜ್ಜಿ ಮನೆಯಲ್ಲೋ ಮಾವನ ಮನೆಯಲ್ಲೋ ಬೆಳೆಯುತ್ತಿದ್ದರೆ, ತಂದೆ ತಾಯಿಗೆ ಪ್ರಾಣಕ್ಕೆ ಕುತ್ತು ತರುವ ಕಾಯಿಲೆ ಇದ್ದರೆ, ಅಪಘಾತದಲ್ಲಿ ದುಡಿಯುವ ಶಕ್ತಿ ಕಳೆದುಕೊಂಡಿದ್ದರೆ ಅರ್ಜಿ ಹಾಕಬಹುದು. ಬಾಲಕಾರ್ಮಿಕರಾಗಿದ್ದು ಬಿಡಿಸಿಕೊಂಡು ಬಂದ ಮಕ್ಕಳಿಗೂ ಅವಕಾಶ ಇದೆ. ಮನೆಯ ವರಮಾನ ಹಳ್ಳಿಯಲ್ಲಾದರೆ ವರ್ಷಕ್ಕೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ದಾಟಬಾರದು. ಮಗುವಿಗೆ 18 ತುಂಬುವವರೆಗೆ ಇದು ಸಿಗಬಹುದು. ಆದರೆ ಪ್ರತಿ ವರ್ಷ ಪರಿಶೀಲನೆ ಆಗುತ್ತೆ.

ಅರ್ಜಿ ಹೋಗಬೇಕಾದದ್ದು ಚಿತ್ರದುರ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಷ್ಟು ದೂರ ಹೋಗಲಾಗದಿದ್ದರೆ ತಾಲ್ಲೂಕಿನ ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಿ, ಅಂಗನವಾಡಿ ಟೀಚರ್‌ಗೂ ಹೇಳಿ. ಆಧಾರ್, ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ರೆಡಿ ಇಟ್ಟುಕೊಂಡರೆ ಎರಡು ಸಲ ಅಲೆಯೋದು ತಪ್ಪುತ್ತೆ. ಜಿಲ್ಲಾ ಮಟ್ಟದ ಸಮಿತಿ ಮಂಜೂರು ಮಾಡಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಕ್ಕೇಬಿಡುತ್ತೆ ಅನ್ನೋ ಖಾತ್ರಿ ಇಲ್ಲ, ಅನುದಾನ ತಡವಾಗುವುದೂ ಉಂಟು. ಆದರೂ ಗ್ಯಾರೇಜಿನಲ್ಲಿ ಎಂಟನೇ ಕ್ಲಾಸಿನ ಹುಡುಗನಿಗೆ ಕೊಡುವ ವಾರದ ಬಟವಾಡೆಗೆ ಹೋಲಿಸಿದರೆ ಇದು ಕಡಿಮೆ ದುಡ್ಡೇನಲ್ಲ. ಸೋಲಾರ್ ಸಬ್ಸಿಡಿ, ಕೃಷಿಹೊಂಡ, ಗೃಹಲಕ್ಷ್ಮಿ ಬಗ್ಗೆ ಪ್ರತಿ ಟೀ ಅಂಗಡಿಯಲ್ಲೂ ಚರ್ಚೆ ಆಗುತ್ತೆ, ಇದರ ಬಗ್ಗೆ ಮಾತ್ರ ಎಲ್ಲೂ ಕೇಳಿಬರೋದಿಲ್ಲ.

ಅಂಗಡಿಯವರು ತಿಳಿದಿರಬೇಕಾದ ಕಾನೂನು

ಪಾಪ ಅಂತ ಇಟ್ಟುಕೊಂಡರೂ ಕಾನೂನು ಅದನ್ನು ಪಾಪ ಅಂತ ನೋಡೋದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಿಕ್ಷೆ 6 ತಿಂಗಳಿಂದ 2 ವರ್ಷ ಜೈಲು ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. 14ರಿಂದ 18ರವರನ್ನು ಗಣಿ, ಸ್ಫೋಟಕ, ಬೆಂಕಿ ಹತ್ತುವ ವಸ್ತುಗಳಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಸ್ವಂತ ಮನೆಯವರ ಅಂಗಡಿಯಲ್ಲಿ, ಹೊಲದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸುವುದಕ್ಕೆ ವಿನಾಯಿತಿ ಇದೆ. ಪಕ್ಕದ ಮನೆಯವರ ಅಡಿಕೆ ಸುಲಿಯೋಕೆ ಶಾಲೆ ಬಿಡಿಸಿ ಕಳಿಸೋದು ಆ ವಿನಾಯಿತಿಯೊಳಗೆ ಬರೋದಿಲ್ಲ.

ಇನ್ನೊಂದು, ಬೀಡಿ ಸಿಗರೇಟು ಗುಟ್ಕಾ. ಶಾಲೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಕರ್ನಾಟಕ ತನ್ನದೇ ತಿದ್ದುಪಡಿ ತಂದು ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ ಅನ್ನೋದು ಎಷ್ಟೋ ಅಂಗಡಿಗಳಿಗೆ ಇನ್ನೂ ಮುಟ್ಟಿಲ್ಲ. ಅದಕ್ಕಿಂತ ಗಂಭೀರವಾದದ್ದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ. 18ರ ಒಳಗಿನವರಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. 'ಅಪ್ಪನಿಗೆ ಅಂದ, ಕೊಟ್ಟೆ' ಅನ್ನೋ ಉತ್ತರ ಠಾಣೆಯಲ್ಲಿ ಎಷ್ಟರಮಟ್ಟಿಗೆ ನಡೆಯುತ್ತೆ ಅನ್ನೋದನ್ನು ಯೋಚಿಸಿ. ಹತ್ತು ರೂಪಾಯಿ ವ್ಯಾಪಾರಕ್ಕೆ ಇಷ್ಟು ದೊಡ್ಡ ಅಪಾಯ ಬೇಕಿಲ್ಲ.

ಹೆಣ್ಣುಮಕ್ಕಳ ವಿಷಯ

ಹೆಣ್ಣುಮಕ್ಕಳು ಶಾಲೆ ಬಿಡುವ ದಾರಿ ಬೇರೆ. ಅವರು ಅಂಗಡಿ ಮುಂದೆ ಕಾಣಿಸೋದಿಲ್ಲ, ಮನೆಯೊಳಗೆ ಉಳಿದುಬಿಡುತ್ತಾರೆ. ಮುಟ್ಟಾದವರು ಊರ ಹೊರಗೆ ಇರಬೇಕು ಅನ್ನೋ ಪದ್ಧತಿ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ತಿಂಗಳಿಗೆ ಮೂರು ದಿನ ತಪ್ಪಿದರೂ ಹತ್ತು ತಿಂಗಳಿಗೆ ಮೂವತ್ತು ದಿನದ ಪಾಠ ಹೋಯ್ತು. ಹಟ್ಟಿಯಲ್ಲದ ಊರುಗಳೂ ಈ ವಿಷಯದಲ್ಲಿ ಬೀಗಬೇಕಾಗಿಲ್ಲ, ಶೌಚಾಲಯಕ್ಕೆ ನೀರಿಲ್ಲದ ಶಾಲೆಯಲ್ಲಿ ಆಗೋದೂ ಅದೇ. ಸ್ಯಾನಿಟರಿ ಪ್ಯಾಡ್ ಕೊಡುವ 'ಶುಚಿ' ಯೋಜನೆ ನಡುವೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಶುರುವಾಗಿದೆ. ಪ್ಯಾಡ್ ಬಂದಿಲ್ಲ ಅಂದರೆ ಮೇಡಂ ಒಬ್ಬರೇ ಬರೆದು ಕೇಳೋದಕ್ಕಿಂತ ಎಸ್‌ಡಿಎಂಸಿಯಲ್ಲಿರುವ ತಾಯಂದಿರು ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿದರೆ ತೂಕ ಜಾಸ್ತಿ.

ಆಮೇಲೆ ಮದುವೆ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಮದುವೆಯೇ ಅಲ್ಲ. ರಾಜ್ಯ ತಂದ ತಿದ್ದುಪಡಿ ಪ್ರಕಾರ ಅದು ಮೊದಲಿಂದಲೇ ಅಸಿಂಧು. ತಾಳಿ ಕಟ್ಟಿದ ಮೇಲೆ ಗಂಡನ ಮೇಲೆ ಪೋಕ್ಸೊ ಕೇಸೂ ಬೀಳುತ್ತೆ, ಹುಡುಗಿ ಹೆರಿಗೆಗೆ ಆಸ್ಪತ್ರೆಗೆ ಬಂದಾಗ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕಾಗುತ್ತೆ. ಇಲ್ಲೂ ಅಂಗಡಿಯವರು ಬಂದೇ ಬರುತ್ತಾರೆ: ಪತ್ರಿಕೆ ಅಚ್ಚು ಹಾಕುವವರು, ಶಾಮಿಯಾನದವರು, ಕಲ್ಯಾಣ ಮಂಟಪದವರು. ವಯಸ್ಸಿನ ದಾಖಲೆ ನೋಡಿ ಆರ್ಡರ್ ತೆಗೆದುಕೊಳ್ಳುವುದು ಅವರಿಗೇ ಒಳ್ಳೆಯದು, ಬಾಲ್ಯವಿವಾಹಕ್ಕೆ ನೆರವಾದವರೂ ಕೇಸಿನಲ್ಲಿ ಸೇರುತ್ತಾರೆ.

ಇಂಥದ್ದಕ್ಕೆಲ್ಲ ನಂಬರ್ 1098. 1996ರಲ್ಲಿ ಮುಂಬೈನಲ್ಲಿ ಶುರುವಾದ ಮಕ್ಕಳ ಸಹಾಯವಾಣಿ ಇದು. ಮೊದಲು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದವು, 2023ರಿಂದ ಸರ್ಕಾರವೇ ನಡೆಸುತ್ತಿದೆ, ಪೊಲೀಸರ 112ಕ್ಕೂ ಜೋಡಣೆ ಆಗಿದೆ. ಬಾಲ್ಯವಿವಾಹ, ಬಾಲಕಾರ್ಮಿಕ, ಹೊಡೆತ, ಲೈಂಗಿಕ ಕಿರುಕುಳ, ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಕೂತ ಮಗು, ಯಾವುದಕ್ಕಾದರೂ ಮಾಡಬಹುದು. ಹೇಳಿದವರ ಹೆಸರನ್ನು ಊರಿಗೆ ಸಾರುವುದಿಲ್ಲ. ಆಶ್ರಯ ಬೇಕಾದ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು, ಎಲ್ಲಿರಬೇಕು ಅನ್ನೋದನ್ನು ಆ ಸಮಿತಿ ತೀರ್ಮಾನಿಸುತ್ತೆ.

ಲೈಂಗಿಕ ಕಿರುಕುಳ ಅಂತ ಗೊತ್ತಾದ ಮೇಲೆ ಸುಮ್ಮನಿರುವುದೂ ಅಪರಾಧ. 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸದೇ ಇದ್ದವರಿಗೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ 1 ವರ್ಷದವರೆಗೆ ಜೈಲು. 'ಶಾಲೆ ಮರ್ಯಾದೆ' ಅಂತ ಒಳಗೊಳಗೇ ಪಂಚಾಯ್ತಿ ಮಾಡಿ ಮುಗಿಸೋದು ಈ ಕಾಯ್ದೆಯಲ್ಲಿ ನಡೆಯೋದಿಲ್ಲ. ಹಾಗೆಯೇ ಮಗುವಿನ ಫೋಟೊ, ಹೆಸರು, ಊರು ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಡೋದೂ ಅಪರಾಧವೇ. ನ್ಯಾಯ ಸಿಗಲಿ ಅಂತ ಫಾರ್ವರ್ಡ್ ಮಾಡುವವರು ಇದನ್ನು ಮರೆಯುತ್ತಾರೆ.

ಊಟ, ಮಾತ್ರೆ, ಮತ್ತೆ ಸಂಜೆ ಹೊತ್ತು

ಬಿಸಿಯೂಟ, 2013ರಿಂದ ಕೊಡುವ ಕ್ಷೀರಭಾಗ್ಯದ ಹಾಲು, ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ. ಇವು ಹೆಚ್ಚುಕಮ್ಮಿ ಮಕ್ಕಳಿಗೆ ಮುಟ್ಟುತ್ತಿರುವ ಸೌಲಭ್ಯಗಳು, ಯಾಕೆಂದರೆ ಯಾರೂ ಅರ್ಜಿ ಹಾಕಬೇಕಾಗಿಲ್ಲ, ಮಗು ಶಾಲೆಗೆ ಬಂದರೆ ಸಾಕು. ಶಾಲೆಗೆ ಬರುವ ಆರ್‌ಬಿಎಸ್‌ಕೆ ವಾಹನದ ಡಾಕ್ಟರುಗಳು ಕಣ್ಣು, ಕಿವಿ, ಹೃದಯದ ತೊಂದರೆಗಳನ್ನು ತಪಾಸಣೆ ಮಾಡಿ ಚೀಟಿ ಕೊಡುತ್ತಾರೆ. ಚೀಟಿ ಕೊಟ್ಟ ಮೇಲೆ ಮುಂದಿನ ಚಿಕಿತ್ಸೆಯೂ ಉಚಿತ. ಎಷ್ಟೋ ಚೀಟಿ ಬ್ಯಾಗಿನಲ್ಲೇ ಹರಿದುಹೋಗುತ್ತವೆ. 'ದಡ್ಡ' ಅಂತ ಕರೆಸಿಕೊಂಡ ಹುಡುಗನಿಗೆ ಬೇಕಾಗಿದ್ದು ಒಂದು ಕನ್ನಡಕ ಮಾತ್ರ ಆಗಿರಬಹುದು.

ನಾಲ್ಕೂವರೆಗೆ ಗಂಟೆ ಹೊಡೆದ ಮೇಲೆ ಮಕ್ಕಳು ಎಲ್ಲಿ ಹೋಗುತ್ತಾರೆ ಅನ್ನೋದು ಇನ್ನೊಂದು ಪ್ರಶ್ನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಧರ್ಮಪುರ, ಶ್ರೀರಾಂಪುರ, ರಾಮಗಿರಿ, ಭರಮಸಾಗರದಂಥ ದೊಡ್ಡ ಊರುಗಳಲ್ಲಿ ಸಂಜೆ ಹೊತ್ತು ಇದು ಬಾಗಿಲು ತೆರೆದಿದ್ದರೆ ಅದೇ ಒಂದು ದೊಡ್ಡ ಸೇವೆ. ಕಾಲೇಜು ವಯಸ್ಸಿನವರಿಗೆ ಯುವಜನ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜತೆ ಸೇರಿ ರೂಪಿಸಿದ 'ಯುವ ಸ್ಪಂದನ' ಇದೆ. ಓದು, ಕೆಲಸ, ಪ್ರೀತಿ, ಚಟ, ಏನನ್ನಾದರೂ ಮಾತಾಡಿಕೊಳ್ಳಲು ಅಂತಲೇ ಮಾಡಿದ್ದು. ಪಿಯುಸಿ ಫೇಲಾಗಿ ಊರಲ್ಲಿ ಉಳಿದ ಹುಡುಗರಿಗೆ ಇಂಥದ್ದೊಂದಿದೆ ಅಂತ ಹೇಳುವವರು ಬೇಕು.

ಈ ಯಾವುದೂ ಸರಿಯಾಗಿ ನಡೆಯುತ್ತಿಲ್ಲ ಅನ್ನಿಸಿದರೆ ಕೇಳಲು ಒಂದು ವೇದಿಕೆ ಇದೆ. ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು. ಮಕ್ಕಳೇ ಎದ್ದು ನಿಂತು ಪ್ರಶ್ನೆ ಕೇಳುವ ಸಭೆ ಅದು. ಶೌಚಾಲಯಕ್ಕೆ ನೀರು, ಬಸ್ಸು, ಕಾಂಪೌಂಡು ಇವನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಈ ಸಲ ಅದಕ್ಕೆ ಮೂರು ಪ್ರಶ್ನೆ ಸೇರಿಸಬಹುದು: ನಮ್ಮ ಶಾಲೆಯ ಗೋಡೆ ಮೇಲೆ 14416 ಮತ್ತು 1098 ಬರೆಸಿದ್ದೀರಾ? ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮಂಗಳವಾರ ಯಾವುದು? ನಮ್ಮ ಪಂಚಾಯಿತಿಯಿಂದ ಪ್ರಾಯೋಜಕತ್ವಕ್ಕೆ ಎಷ್ಟು ಅರ್ಜಿ ಹೋಗಿದೆ? ಉತ್ತರವನ್ನು ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆಸಲಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಓದಬೇಕಾದದ್ದು ಅದೇ ಪುಟ.